ಪೈಪಂಗಡಿ ಸಾಹುಕಾರನ ಅರಮನೆ

ಪೈಪು ಮಾರುವವನಿಗೆ ವಾಸ್ತುಶಿಲ್ಪದ ಗೀಳು ಹತ್ತಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಬರೆದಿದ್ದರೆ ನನ್ನ ಹೆಂಡತಿ ಭಾಗ್ಯ ಆ ಸಾಲಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದಳು. (ತೂಗುಹಾಕಲು ನಮ್ಮ ಹೊಸ ಮನೆಯಲ್ಲಿ ಗೋಡೆಗಳೇ ಹೆಚ್ಚು ಉಳಿದಿಲ್ಲ, ಎಲ್ಲಿ ನೋಡಿದರೂ ಕಂಬ. ಆ ಮಾತು ಮುಂದೆ ಬರುತ್ತದೆ.)

ನಾನು ಗುರುಬಸವರಾಜ. ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಪೈಪಿನ ಅಂಗಡಿ. ಬೋರ್‌ವೆಲ್ಲಿನ ಕೇಸಿಂಗ್ ಪೈಪಿನಿಂದ ಹಿಡಿದು ಬಚ್ಚಲ ನಲ್ಲಿಯ ವಾಷರಿನವರೆಗೆ ಎಲ್ಲವೂ ಸಿಗುತ್ತದೆ. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯಿಂದಲೂ ಗಿರಾಕಿಗಳು ಬರುತ್ತಾರೆ. ದುಂಡಗೆ, ಉದ್ದಕ್ಕೆ, ಒಳಗೆ ಟೊಳ್ಳಾಗಿರುವ ಯಾವ ವಸ್ತು ಕಂಡರೂ ಅದರ ಅಳತೆ ನನಗೆ ಕಣ್ಣಲ್ಲೇ ಗೊತ್ತಾಗುತ್ತದೆ. "ಅದಕ್ಕ ನೋಡ್ರಿ, ಟೊಪಗಿ ಕೊಳ್ಳುವಾಗ ನಿಮ್ಮ ತಲಿ ಅಳತಿ ಯಾರೂ ಹೇಳೂದು ಬ್ಯಾಡ" ಎನ್ನುತ್ತಾಳೆ ಭಾಗ್ಯ. ಈ ಮಾತಿನಲ್ಲಿರುವ ಚುಚ್ಚು ನನಗೆ ತಿಳಿದದ್ದು ಬಹಳ ತಡವಾಗಿ.

ನಾವಿರುವುದು ಪೇಟೆಯೊಳಗಿನ ಹಳೆಯ ಮನೆ. ಅದರ ಅಡುಗೆಮನೆ ಎಷ್ಟು ಇಕ್ಕಟ್ಟೆಂದರೆ, ನನ್ನ ತಾಯಿ ನಾಗಲಿಂಗಮ್ಮ ಒಳಗೆ ಹೋಗಬೇಕಾದರೆ ಭಾಗ್ಯ ಹೊರಗೆ ಬರಬೇಕು. ಇಬ್ಬರೂ ಒಟ್ಟಿಗೆ ಒಳಗಿದ್ದು ಜಗಳವಾಡಲೂ ಜಾಗವಿಲ್ಲ. ಹಾಗಾಗಿ ನಮ್ಮ ಮನೆಯ ಅತ್ತೆ–ಸೊಸೆಯರು ಊರಿಗೇ ಮಾದರಿ. ಕೂಡ್ಲಿಗಿ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವಲ್ಲಿ ತಂದೆಯವರು ಬಿಟ್ಟುಹೋದ ವಿಶಾಲವಾದ ಜಾಗವಿತ್ತು. ಅಲ್ಲಿ ಹೊಸ ಮನೆಯ ತಳಪಾಯ ಹಾಕಿಸಿದಾಗ ಭಾಗ್ಯ ಕೇಳಿದ್ದು ಒಂದೇ ವರ.

"ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಒಂದು ದೊಡ್ಡ ಅಡಿಗಿಮನಿ ಬೇಕು. ಮೂಡಲ ಕಡೆ ಕಿಟಕಿ ಇರಬೇಕು. ರೊಟ್ಟಿ ಬಡಿಯುವಾಗ ಮೊಣಕೈ ಗ್ವಾಡಿಗೆ ತಾಕಬಾರದು."

"ತಥಾಸ್ತು" ಎಂದೆ. ಮನಸಾರೆ ಹೇಳಿದ್ದೆ. ಆಮೇಲೆ ಮೈಸೂರಿಗೆ ಹೋಗದಿದ್ದರೆ ಆ ಮಾತು ನಡೆಸಿಯೂ ಕೊಡುತ್ತಿದ್ದೆ.

ತಳಪಾಯ ನೀರು ಕುಡಿಯುತ್ತಾ ಗಟ್ಟಿಯಾಗಲಿ, ಅಷ್ಟರಲ್ಲಿ ಮೈಸೂರು ನೋಡಿ ಬರೋಣ ಎಂದು ನಾನೇ ಹೊರಡಿಸಿದೆ. ಹೊಸಪೇಟೆಗೆ ಹೋಗಿ ರೈಲು ಹತ್ತಿದೆವು. ಅವ್ವ ಒಂದು ಚೀಲದ ತುಂಬ ಮಂಡಕ್ಕಿ ತಂದಿದ್ದಳು, ಮೈಸೂರಿನಲ್ಲಿ ಬರಗಾಲ ಬಿದ್ದಿದೆ ಎಂದು ಯಾರೋ ಹೇಳಿದ ಹಾಗೆ.

ಅರಮನೆಯ ಹೆಬ್ಬಾಗಿಲು ದಾಟಿ ತಲೆ ಎತ್ತಿದೆ ನೋಡಿ, ನನ್ನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಕಲ್ಲಿನ ಕಮಾನುಗಳ ಸಾಲು, ಅದರ ಮೇಲೆ ಕಮಾನು, ಅತ್ತಿತ್ತ ಗುಲಾಬಿ ಬಣ್ಣದ ಗುಮ್ಮಟಗಳು, ನಟ್ಟನಡುವೆ ಬಂಗಾರದ ಗುಮ್ಮಟ ಹೊತ್ತ ಗೋಪುರ. ಇಷ್ಟೆಲ್ಲ ಭಾರ ಹೊತ್ತಿದ್ದರೂ ಆ ಕಟ್ಟಡ ಎಷ್ಟು ಹಗುರವಾಗಿ ನಿಂತಿತ್ತೆಂದರೆ, ಗಾಳಿ ಬಂದರೆ ಏರಿ ಹೋದೀತು ಅನ್ನಿಸುತ್ತಿತ್ತು. ನಮ್ಮ ಕನ್ನಡ ನಾಡಿನಲ್ಲಿ ಇಂಥದ್ದೊಂದು ನಿಂತಿದೆಯಲ್ಲ ಎಂದು ನನ್ನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಪಕ್ಕದಲ್ಲಿ ಯಾರೋ ಉತ್ತರದ ಕಡೆಯವರು ಫೋಟೋ ತೆಗೆಯುತ್ತಿದ್ದರು. ಅವರತ್ತ ತಿರುಗಿ, ನಾನೇ ಕಟ್ಟಿಸಿದವನಂತೆ, "ಹ್ಞಾಂ, ತೆಗೀರಿ ತೆಗೀರಿ" ಎಂದು ಅಪ್ಪಣೆ ಕೊಟ್ಟೆ.

"ಏನ್ ಮನಿ, ಏನ್ ಮನಿ!" ಎಂದಳು ಅವ್ವ. "ಗುರು, ಇಷ್ಟು ದೊಡ್ಡ ಮನಿಗೆ ದಿನಾ ಕಸ ಯಾರು ಹೊಡೀತಿದ್ರೋ?"

ಚಪ್ಪಲಿ ಬಿಟ್ಟು ಒಳಗೆ ಹೋದೆವು. ಒಂದು ಬಾಗಿಲು ದಾಟಿ, ಇನ್ನೊಂದು ದಾಟಿ, ಜನರ ಸಾಲಿನಲ್ಲಿ ತಳ್ಳಿಸಿಕೊಳ್ಳುತ್ತಾ ಕಲ್ಯಾಣಮಂಟಪಕ್ಕೆ ಬಂದೆವು. ಅರಮನೆಯವರ ಮದುವೆಗಳು ನಡೆಯುತ್ತಿದ್ದ ಎಂಟು ಮೂಲೆಯ ಹಜಾರ ಅದು. ಸುತ್ತ ಎತ್ತರವಾದ ಸಪೂರ ಕಂಬಗಳು. ಅವುಗಳ ತಲೆಯ ಮೇಲೆ ಬಣ್ಣದ ಗಾಜಿನ ಛಾವಣಿ, ಗಾಜಿನ ತುಂಬ ನವಿಲು. ಕೆಳಗೆ ನೆಲದಲ್ಲೂ ನವಿಲು. ಒಬ್ಬ ಗೈಡು ಯಾರಿಗೋ ವಿವರಿಸುತ್ತಿದ್ದುದನ್ನು ನಾನು ಪುಕ್ಕಟೆಯಾಗಿ ಕೇಳಿಸಿಕೊಂಡೆ: ಆ ಕಂಬಗಳು ಕಲ್ಲಲ್ಲ, ಮರವಲ್ಲ, ಎರಕದ ಕಬ್ಬಿಣ. ಗ್ಲಾಸ್ಗೋ ಎಂಬ ಊರಿನಿಂದ ಹಡಗಿನಲ್ಲಿ ಬಂದವು!

ಎರಕದ ಕಬ್ಬಿಣ! ನನ್ನ ಮೈಯಲ್ಲಿ ಕರೆಂಟು ಹರಿಯಿತು. ಅಂದರೆ ನಮ್ಮ ಕುಲಬಾಂಧವರೇ ಆದರಲ್ಲ! ಜಗತ್ತಿನಲ್ಲಿ ಪೈಪಿನವರನ್ನು ಕಂಡರೆ ಮೂಗು ಮುರಿಯುವ ಜನ ಬಂದು ನೋಡಲಿ, ಮಹಾರಾಜರ ಮದುವೆ ಮನೆಯನ್ನು ಎತ್ತಿ ಹಿಡಿದು ನಿಂತವರು ಯಾರು ಅಂತ. ಕೈ ತಡೆಯಲಿಲ್ಲ. ಹತ್ತಿರದ ಕಂಬಕ್ಕೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದೆ.

ಸೀಟಿ ಕೇಳಿಸಿತು. ಕಾವಲುಗಾರ ಓಡಿ ಬಂದ. "ಸಾರ್, ಕಂಬ ಬಡೀಬೇಡಿ! ಏನ್ ಮಾಡ್ತಿದ್ದೀರಾ?"

"ಒಳಗ ಟೊಳ್ಳೈತೋ ಗಟ್ಟಿ ಐತೋ ನೋಡಾಕತ್ತಿದ್ದೆ."

"ಟೊಳ್ಳಾದ್ರೆ ನಿಮಗೇನು, ಗಟ್ಟಿಯಾದ್ರೆ ನಿಮಗೇನು? ಮುಂದೆ ನಡೀರಿ."

ಭಾಗ್ಯ ನಡುವೆ ಬಂದಳು. "ಸಿಟ್ಟಾಗಬ್ಯಾಡ್ರಿ ಅಣ್ಣಾರ. ಅವರು ಬೀಗರ ಮನಿಗೆ ಹೋದ್ರೂ ಹಿಂಗ ಮಾಡ್ತಾರ. ನನ್ನ ತವರುಮನಿಗೆ ಹೆಣ್ಣು ನೋಡಾಕ ಬಂದಾಗ ನನ್ನ ಮುಖ ನೋಡೂದು ಬಿಟ್ಟು ಹ್ಯಾಂಡ್‌ಪಂಪ್ ನೋಡ್ಕೋಂತ ನಿಂತಿದ್ರು."

ಕಾವಲುಗಾರ ನಕ್ಕುಬಿಟ್ಟ. ಜನ ನಕ್ಕರು. ನಾನು ಗಂಭೀರವಾಗಿ ಛಾವಣಿ ನೋಡಿದೆ. ಆಗಲೇ ಮೇಲಿನ ಗಾಜಿನಿಂದ ಬೆಳಕಿಳಿಯಿತು. ಹೊರಗೆ ಮೋಡ ಸರಿದಿರಬೇಕು. ನೀಲಿ, ಹಸಿರು, ಕೆಂಪು ಬೆಳಕು ಸಣ್ಣ ಸಣ್ಣ ತುಣುಕಾಗಿ ಭಾಗ್ಯಳ ಹಣೆಯ ಮೇಲೆ, ಕೆನ್ನೆಯ ಮೇಲೆ ಬಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ತಲೆ ಎತ್ತಿ ನವಿಲುಗಳನ್ನು ನೋಡುತ್ತಿದ್ದಳು. ಇಷ್ಟು ವರ್ಷ ಅವಳ ಮುಖವನ್ನು ನಾನು ನೋಡಿದ್ದು ಹೊಗೆಯಲ್ಲಿ, ಟ್ಯೂಬ್‌ಲೈಟಿನಲ್ಲಿ. ಮಹಾರಾಜನ ಮನೆಯ ಹೆಣ್ಣುಮಕ್ಕಳಿಗೆ ಸಿಕ್ಕ ಬೆಳಕು ಪೈಪಂಗಡಿಯವನ ಹೆಂಡತಿಗೆ ಯಾಕೆ ಸಿಗಬಾರದು?

"ಭಾಗ್ಯ, ಇಂಥದ್ದೊಂದು ನಿನಗ ಕಟ್ಟಿಸ್ತೀನಿ" ಎಂದೆ.

"ನನಗ ಅಡಿಗಿಮನಿ ಕಟ್ಟಿಸ್ರಿ ಸಾಕು."

"ನೀನು ರಾಣಿ ಹಂಗ ಕಾಣಾಕತ್ತಿ."

ಅವಳು ಸುತ್ತ ನೋಡಿ, ಸೆರಗು ಸರಿಪಡಿಸಿಕೊಂಡು, "ಅತ್ತಿ ಎಲ್ಲಿ ಹೋದ್ರು ನೋಡ್ರಿ ಮೊದಲು" ಎಂದಳು. ಆದರೆ ಮುಖ ಕೆಂಪಾಗಿತ್ತು. (ಗಾಜಿನ ಬಣ್ಣವೂ ಇರಬಹುದು. ನನ್ನ ಮಾತಿನದೆಂದೇ ನಾನು ನಂಬಿದ್ದೇನೆ.)

ಅವ್ವ ಮೇಲಿನ ದರ್ಬಾರ್ ಹಾಲಿನಲ್ಲಿ ಸಿಕ್ಕಳು, ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಆ ಹಾಲಿನ ವೈಭವವನ್ನು ಏನೆಂದು ಹೇಳಲಿ? ಕಂಬಗಳ ಸಾಲು, ಸಾಲಿನ ಹಿಂದೆ ಸಾಲು. ಒಂದು ಜಾಗದಲ್ಲಿ ನಿಂತರೆ ಎಲ್ಲ ಕಂಬಗಳೂ ಒಂದರ ಹಿಂದೊಂದು ಅಡಗಿ ಒಂದೇ ಕಂಬವಾಗುತ್ತವೆ, ಒಂದು ಹೆಜ್ಜೆ ಸರಿದರೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ನಾನು ಆ ಒಂದು ಹೆಜ್ಜೆಯನ್ನು ಹಿಂದೆ ಮುಂದೆ ಇಡುತ್ತಾ ಎಷ್ಟು ಹೊತ್ತು ನಿಂತೆನೋ. ಎದುರಿಗೆ ತೆರೆದ ಮೈದಾನ. ಮಹಾರಾಜರು ಇಲ್ಲಿಂದಲೇ ಪ್ರಜೆಗಳನ್ನು ನೋಡುತ್ತಿದ್ದರಂತೆ. ನಾನೂ ನೋಡಿದೆ. ಪ್ರಜೆಗಳು ಐಸ್‌ಕ್ರೀಮ್ ತಿನ್ನುತ್ತಿದ್ದರು.

"ಅವ್ವಾ, ಹೆಂಗೈತಿ?"

"ಭಾರಿ ಐತಿ. ಒಂದು ಚಾಪಿ ಹಾಸಿದ್ರ ಇನ್ನೂ ಚಲೋ ಇತ್ತು."

ಊರಿಗೆ ಬಂದ ಮರುದಿನವೇ ಮೇಸ್ತ್ರಿ ಗಾದೆಪ್ಪನನ್ನು ಕರೆಸಿದೆ. ಗಾದೆಪ್ಪ ಹರಪನಹಳ್ಳಿ ಕಡೆಯವನು. ಜೀವಮಾನವೆಲ್ಲ ಸೈಜುಗಲ್ಲಿನ ಚೌಕ ಮನೆ ಕಟ್ಟಿ ಬೇಸತ್ತವನು. ನಾನು ಮೊಬೈಲಿನಲ್ಲಿ ಅರಮನೆಯ ಫೋಟೋ ತೋರಿಸಿ, "ನಮ್ಮ ನಡುಮನಿ ಎಂಟು ಮೂಲಿದು ಆಗಬೇಕು. ಮೂಲಿಗೊಂದು ಕಂಬ. ಮ್ಯಾಲೆ ನವಿಲಿನ ಗಾಜು" ಎಂದಾಗ ಅವನ ಕಣ್ಣಿನಲ್ಲಿ ನೀರಾಡಿತು.

"ಸಾವ್ಕಾರ್ರೆ, ಇಂಥ ಮಾತು ಕೇಳಾಕೆ ಎಷ್ಟು ವರ್ಷ ಕಾದಿದ್ದೆ ಗೊತ್ತೇನ್ರಿ? ಆದ್ರೆ ತಳಪಾಯ ಚೌಕ ಐತಲ್ಲ?"

"ಹಿಗ್ಗಸು."

"ಹಿಗ್ಗಿಸಿದ್ರೆ ಅಡಿಗಿಮನಿ ಕುಗ್ಗತೈತಿ."

"ನೋಡು ಗಾದೆಪ್ಪ, ಮೈಸೂರು ಅರಮನಿ ಪೂರ್ತಿ ಸುತ್ತಿ ಬಂದೆ. ಒಂದು ಕಡೀನೂ ಅಡಿಗಿಮನಿ ತೋರಿಸ್ಲಿಲ್ಲ. ಅಂದ್ರ ಅದು ಮುಖ್ಯ ಅಲ್ಲ ಅಂತ ಆತು."

ಎಂಟು ಕಂಬಗಳು ಎದ್ದವು. ನಮ್ಮ ಅಂಗಡಿಯ ಅತಿ ದಪ್ಪದ ಕೇಸಿಂಗ್ ಪೈಪುಗಳೇ ಅಚ್ಚು. ಒಳಗೆ ಸುತ್ತಲೂ ಸಣ್ಣ ಪೈಪುಗಳನ್ನು ಸೀಳಿ ಕೂರಿಸಿ, ಕಾಂಕ್ರೀಟು ಸುರಿದು, ಗಟ್ಟಿಯಾದ ಮೇಲೆ ಪೈಪು ಕೊಯ್ದು ತೆಗೆದರೆ ಮೈತುಂಬ ಗೆರೆ ಗೆರೆಯ ಕಂಬ! ಆ ಯೋಜನೆ ನನ್ನದೇ. ಕಂಬದ ತಲೆಯ ಅಲಂಕಾರಕ್ಕೆ ಅಚ್ಚು ಎಲ್ಲೂ ಸಿಗಲಿಲ್ಲ. ಗಾದೆಪ್ಪ ಮನೆಗೆ ಚಹಾ ಕುಡಿಯಲು ಬಂದಾಗ ಅವನ ಕಣ್ಣಿಗೆ ಒಂದು ವಸ್ತು ಬಿತ್ತು.

ಮರುದಿನ ಬೆಳಿಗ್ಗೆ ಭಾಗ್ಯಳ ಕೂಗು. "ನನ್ನ ಇಡ್ಲಿ ತಟ್ಟಿ ಎಲ್ಲಿ?"

ಇಡ್ಲಿ ತಟ್ಟೆ ಕೂಡ್ಲಿಗಿ ರಸ್ತೆಯಲ್ಲಿ, ಸಿಮೆಂಟಿನ ಮಧ್ಯೆ, ವಾಸ್ತುಶಿಲ್ಪದ ಸೇವೆಯಲ್ಲಿತ್ತು. ಇವತ್ತಿಗೂ ನಮ್ಮ ಕಂಬಗಳ ತಲೆಯ ಮೇಲೆ ಸುತ್ತಲೂ ಉಬ್ಬಿದ ಇಡ್ಲಿಗಳ ಸಾಲಿದೆ. ತಿಳಿಯದವರು ಕಮಲದ ಮೊಗ್ಗು ಎನ್ನುತ್ತಾರೆ.

ನವಿಲಿನ ಗಾಜನ್ನು ದಾವಣಗೆರೆಯಲ್ಲಿ ಮಾಡಿಸಿದೆ. ಬರೆದವನು ನವಿಲನ್ನು ಎಂದೂ ನೋಡಿರಲಿಲ್ಲವೋ, ಅಥವಾ ಕೋಳಿಯ ಮೇಲೆ ಅವನಿಗೆ ವಿಶೇಷ ಪ್ರೀತಿಯೋ, ಒಟ್ಟಿನಲ್ಲಿ ಅದು ಬಾಲಕ್ಕೆ ಬಣ್ಣ ಬಳಿದುಕೊಂಡ ಹುಂಜದಂತೆ ಬಂತು. ಆದರೂ ಬಿಸಿಲು ಬಿದ್ದಾಗ ಬೆಳಕು ಬಣ್ಣದ್ದೇ ಬೀಳುತ್ತಿತ್ತು.

ಎಲ್ಲ ಮುಗಿಯುವ ಹೊತ್ತಿಗೆ ಭಾಗ್ಯಳನ್ನು ಕರೆದುಕೊಂಡು ಹೋದೆ. ಅವಳು ನಡುಮನೆಯಲ್ಲಿ ಒಂದು ಸುತ್ತು ಹಾಕಿದಳು.

"ಸೋಫಾ ಎಲ್ಲಿ ಇಡೂದು?"

ಎಂಟು ಮೂಲೆಯ ಕೋಣೆಯಲ್ಲಿ ಸೋಫಾ ಯಾವ ಗೋಡೆಗೂ ಹೊಂದುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. "ನಡುವೆ" ಎಂದೆ.

"ಬೀರು?"

"ಅದೂ ನಡುವೆ."

"ಟಿ.ವಿ.?"

"ಕಂಬಕ್ಕ ಕಟ್ಟಬಹುದು."

ಅವಳು ಹಿಂದಿನ ಬಾಗಿಲು ತೆರೆದಳು. ಅಲ್ಲಿ ಉಳಿದಿದ್ದ ತ್ರಿಕೋನಾಕಾರದ ಕತ್ತಲ ಜಾಗವೇ ಅಡುಗೆಮನೆ. ಒಳಗೆ ಹೆಜ್ಜೆಯಿಟ್ಟು ತಿರುಗಿದಳು. ಮೊಣಕೈ ಗೋಡೆಗೆ ಬಡಿಯಿತು.

"ಅರಮನಿ ಕಟ್ಟಸ್ತೀನಿ ಅಂದ್ರಿ. ಖರೇ ಮಾತು. ಅಡಿಗಿಮನಿ ಅರ್ಧಮನಿ ಆಗೇತಿ" ಎಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕಣ್ಣು ಒರೆಸಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಅಷ್ಟು ದೊಡ್ಡ ಹಜಾರದಲ್ಲಿ ನಾನೊಬ್ಬನೇ ನಿಂತೆ. ಎಂಟು ಕಂಬಗಳು ಸುತ್ತುವರಿದು ನನ್ನನ್ನೇ ನೋಡುತ್ತಿದ್ದವು.

ಊರಿನವರು ಮಾತ್ರ ನನ್ನ ಕೈಬಿಡಲಿಲ್ಲ. ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನೋಡುತ್ತಿದ್ದರು. ಬಸ್ಸಿನ ಕಿಟಕಿಗಳಿಂದ ಕೈಗಳು ಹೊರಬಂದು ತೋರಿಸುತ್ತಿದ್ದವು. ಅದೇ ಸಮಾಧಾನದಲ್ಲಿ ನಾನು ದಿನಾ ಸಂಜೆ ಮುಂಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದೆ. ಗೃಹಪ್ರವೇಶಕ್ಕೆ ಅಯ್ಯನವರ ಹತ್ತಿರ ಒಳ್ಳೆಯ ದಿನ ಕೇಳಬೇಕಿತ್ತು, ಅಷ್ಟೇ.

ಒಂದು ಭಾನುವಾರ, ಭಾಗ್ಯ ಮತ್ತು ಅವ್ವ ನೆಲ ತೊಳೆಯಲು ಬಂದಿದ್ದಾಗ, ಕೂಡ್ಲಿಗಿ ಬಸ್ಸು ನಮ್ಮ ಮನೆಯ ಮುಂದೆ ನಿಂತಿತು. ಖಾಕಿ ಅಂಗಿಯ ಕಂಡಕ್ಟರ್ ಇಳಿದ. ಬಸ್ಸು ಮುಂದೆ ಹೋಗಲಿಲ್ಲ, ಅವನಿಗಾಗಿ ಕಾಯುತ್ತಾ ನಿಂತಿತು.

"ನಮಸ್ಕಾರ್ರಿ. ನಾನು ಹನುಮಣ್ಣ ಅಂತ. ಕಾನಹೊಸಹಳ್ಳಿ ನಮ್ಮೂರು. ಮ್ಯಾನೇಜರ್ ಅದಾರೇನ್ರಿ?"

"ಯಾವ ಮ್ಯಾನೇಜರ್?"

"ಈ ಛತ್ರದ್ದು."

ನಾನು ಕುರ್ಚಿಯಿಂದ ಎದ್ದೆ. "ಇದು ಛತ್ರ ಅಲ್ಲ. ನನ್ನ ಮನಿ."

ಹನುಮಣ್ಣ ನಕ್ಕ. "ಚಾಷ್ಟಿ ಮಾಡಬ್ಯಾಡ್ರಿ. ದಿನಾ ಇದೇ ರಸ್ತಿಗೆ ನಾನು ಹೋಗಿ ಬರೂದು. ತಳಪಾಯದಿಂದ ನೋಡಾಕತ್ತೀನಿ. ಇಲ್ಲಿ ಹೊಲಕ್ಕ ಇಳಿಯೋರಿಗೆ 'ಹೊಸ ಛತ್ರ' ಅಂತ ಕೂಗಿ ನಾನೇ ಇಳಸ್ತೀನಿ."

"ಮನಿ ಅಂದ್ರ ಮನಿ!" ಎಂದೆ. ಸಿಟ್ಟಿನಲ್ಲಿ ಅವನನ್ನು ಒಳಗೆ ಕರೆದುಕೊಂಡು ಹೋದೆ. ಅವನು ತಲೆ ಎತ್ತಿ ಗಾಜು ನೋಡಿದ, ಕಂಬ ನೋಡಿದ, ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಆತ್ರಿ, ಮನಿ ಅಂತೀರಿ. ಅಡಿಗಿಮನಿ ಎಲ್ಲೈತಿ?"

ತೋರಿಸಿದೆ.

"ಇದು ಪೊರಕಿ ಇಡೋ ಜಾಗ ಅಲ್ಲೇನ್ರಿ?"

ಹಿಂದಿನಿಂದ ಭಾಗ್ಯ ನಕ್ಕದ್ದು ಎಂಟೂ ಮೂಲೆಗಳಲ್ಲಿ ಮೊಳಗಿತು. ಕಲ್ಯಾಣಮಂಟಪದಲ್ಲಿ ಪ್ರತಿಧ್ವನಿ ಚೆನ್ನಾಗಿರುತ್ತದೆ ಎಂದು ಆಗ ತಿಳಿಯಿತು.

ನಿಜ ಗೊತ್ತಾದ ಮೇಲೆ ಹನುಮಣ್ಣನ ಮುಖ ಇಳಿದುಹೋಯಿತು. ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನ ಮಗಳು ಪ್ರಿಯಾಳ ಮದುವೆ ಮುಂದಿನ ವಾರವೇ ಇತ್ತು. ಹುಡುಗಿ ಆಸ್ಪತ್ರೆಯಲ್ಲಿ ನರ್ಸು, ಹುಡುಗ ಕೊಟ್ಟೂರಿನವನು. ಹಿಡಿದಿಟ್ಟಿದ್ದ ಛತ್ರದ ತಗಡಿನ ಮಾಡು ಮೊನ್ನೆಯ ಬಿರುಗಾಳಿಗೆ ಹಾರಿಹೋಗಿತ್ತು. ಎಲ್ಲಿ ಕೇಳಿದರೂ ಆ ದಿನಕ್ಕೆ ಬೇರೆ ಯಾವುದೂ ಖಾಲಿ ಇಲ್ಲ.

"ಹುಡುಗನ ಕಡೆಯೋರು ಮುಂದಕ್ಕ ಹಾಕೂಣು ಅನ್ನಾಕತ್ಯಾರ. ಹುಡುಗಿ ಊಟ ಬಿಟ್ಟು ಕುಂತಾಳ. ನಿಮ್ಮ ಕಂಬ ನೆನಪಾತು. ದೇವರು ಕಣ್ಣ ಮುಂದ ಛತ್ರ ಇಟ್ಟಾನ ಅಂದ್ಕೊಂಡು ಡ್ರೈವರ್‌ಗೆ ನಿಲ್ಲಸು ಅಂದೆ. ತಪ್ಪಾತ್ರಿ."

ಅವನು ಎದ್ದ. ಭಾಗ್ಯ ಪೊರಕೆ ಕೆಳಗಿಟ್ಟಳು.

"ಅಣ್ಣಾರ, ಕುಂದರ್ರಿ. ಮದುವಿ ಇಲ್ಲೇ ಮಾಡ್ರಿ."

ನಾನು ಅವಳನ್ನು ಕಂಬದ ಮರೆಗೆ ಕರೆದೆ. (ಗಂಡ ಹೆಂಡತಿ ಗುಟ್ಟಾಗಿ ಜಗಳವಾಡಲು ಇಂಥ ಕಂಬ ಬೇರೆಲ್ಲೂ ಸಿಗುವುದಿಲ್ಲ.)

"ತಲಿ ಕೆಟ್ಟೈತೇನು? ನಮ್ಮ ಗೃಹಪ್ರವೇಶನ ಆಗಿಲ್ಲ ಇನ್ನೂ!"

"ಒಂದು ಹುಡುಗಿ ಮದುವಿ ನಿಂತು, ನಿಮ್ಮ ಕಂಬ ಮಾತ್ರ ನಿಂತ್ರ ಚಲೋ ಅನಸ್ತೈತೇನು?"

"ಇದು ನಿನಗೋಸ್ಕರ ಕಟ್ಟಿಸಿದ್ದು."

"ನನಗೋಸ್ಕರ ಕಟ್ಟಿಸಿದ್ದಾದ್ರ ನಾನು ಹೇಳಿದಂಗ ಆಗ್ಲಿ."

ಅವ್ವ ನೆಲ ಒರೆಸುತ್ತಲೇ ತೀರ್ಪು ಕೊಟ್ಟಳು. "ಹೊಸ ಮನಿಗೆ ಮೊದಲ ಹೆಜ್ಜಿ ಮದುಮಗಳು ಇಡೂದು ಶುಭ ಐತಿ. ಗುರು, ಸುಮ್ಕಿರು."

ಭಾಗ್ಯ ಹನುಮಣ್ಣನತ್ತ ತಿರುಗಿದಳು. "ಬಾಡಿಗಿ ಏನೂ ಬ್ಯಾಡ್ರಿ. ಆದ್ರ ನಿಮ್ಮ ಅಡಿಗಿ ಮಾಡೋರಿಗೆ ಆ ಪೊರಕಿ ಜಾಗ ಸಾಲಂಗಿಲ್ಲ. ಹಿತ್ತಲದಾಗ ಒಂದು ಅಗಲ ಕಲ್ಲಿನ ಕಟ್ಟಿ ಕಟ್ಟಸ್ರಿ, ಮೂಡಲ ಕಡೆ ಮುಖ ಮಾಡಿ. ಮದುವಿ ಮುಗಿದ ಮ್ಯಾಲೆ ಅದನ್ನ ಕಿತ್ತುಹಾಕಬಾರದು, ಅಷ್ಟ."

"ಕಾರ್ಡಿನ್ಯಾಗ ಬ್ಯಾರೆ ಛತ್ರದ ಹೆಸರು ಐತಲ್ಲ?" ಎಂದೆ ನಾನು, ಕೊನೆಯ ಹುಲ್ಲುಕಡ್ಡಿ ಹಿಡಿಯುವವನಂತೆ.

"ಚಿಂತಿ ಬ್ಯಾಡ್ರಿ ಸಾವ್ಕಾರ್ರ" ಎಂದು ಹನುಮಣ್ಣ ಕಣ್ಣೊರೆಸಿಕೊಂಡು ನಕ್ಕ. "ಬರೋರೆಲ್ಲ ನಮ್ಮ ಬಸ್ಸಿನ್ಯಾಗ ಬರ್ತಾರ. ಇಲ್ಲೇ ಇಳಿಸಿಬಿಡ್ತೀನಿ."

ಇಳಿಸಿಯೇ ಬಿಟ್ಟ. ಮದುವೆಯ ಬೆಳಿಗ್ಗೆ ಕೂಡ್ಲಿಗಿ ಕಡೆಯಿಂದ ಬಂದ ಬಸ್ಸುಗಳೆಲ್ಲ ನಮ್ಮ ಮನೆಯ ಮುಂದೆ ಖಾಲಿಯಾಗುತ್ತಿದ್ದವು. ಮದುವೆಗೆ ಸಂಬಂಧವಿಲ್ಲದೆ ಹಡಗಲಿಗೆ ಹೊರಟಿದ್ದ ಒಂದಿಬ್ಬರೂ ಇಳಿದು ಉಪ್ಪಿಟ್ಟು ತಿಂದು ಹೋದರು. ಪಕ್ಕದ ಖಾಲಿ ಜಾಗದಲ್ಲಿ ಊಟದ ಶಾಮಿಯಾನ. ನಾನು ಗಂಜಿ ಹಾಕಿದ ಧೋತರ ಉಟ್ಟು, ರುಮಾಲು ಸುತ್ತಿ, ನಡುಮನೆಯಲ್ಲಿ ಅತ್ತಿಂದಿತ್ತ ತಿರುಗಿದೆ. ಬಂದವರೆಲ್ಲ ಮೊದಲು ಮೇಲೆ ನೋಡಿ ಆಮೇಲೆ ಮದುಮಕ್ಕಳನ್ನು ನೋಡುತ್ತಿದ್ದರು. ನನ್ನ ಜೀವಮಾನದ ಹೆಮ್ಮೆಯ ದಿನ ಅದು. "ಈ ಕಂಬದ ವಿನ್ಯಾಸ ಮೈಸೂರು ಅರಮನೆಯದು. ಅಲ್ಲಿ ಎರಕದ ಕಬ್ಬಿಣ, ಗ್ಲಾಸ್ಗೋದಿಂದ ಬಂದದ್ದು" ಎಂದು ಒಬ್ಬ ಹಿರಿಯರಿಗೆ ವಿವರಿಸಿದೆ.

"ಹೌದಾ? ತಾವು ಗಂಡಿನ ಕಡೆಯೋರೋ, ಹೆಣ್ಣಿನ ಕಡೆಯೋರೋ?"

ನಾನು ಯಾವ ಕಡೆಯವನು? "ಕಂಬದ ಕಡೆಯವನು" ಎಂದೆ. ಅವರು ಅರ್ಥವಾಗದೆ ನನಗೆ ನಮಸ್ಕಾರ ಮಾಡಿ ಆಚೆ ಸರಿದರು.

ಅಷ್ಟರಲ್ಲಿ ವರನ ಸೋದರಮಾವ ಗದ್ದಲ ಮಾಡುತ್ತಾ ಬಂದ. "ಏನ್ರಿ, ರುಮಾಲಿನೋರೇ, ನೀವು ಇಲ್ಲಿಯೋರೇನು? ನಲ್ಯಾಗ ನೀರು ಬರವಲ್ದು! ಇಷ್ಟು ಕಂಬ ನಿಲ್ಲಿಸ್ಯಾರ, ಒಂದು ನೆಟ್ಟಗಿನ ಪೈಪು ಹಾಕಾಕ ಬರಲಿಲ್ಲೇನು ಇವರಿಗೆ?"

ಪೈಪಿನ ವಿಷಯದಲ್ಲಿ ನನಗೆ ಈ ಮಾತು! ಧೋತರ ಮೇಲಕ್ಕೆ ಕಟ್ಟಿ ಮಾಳಿಗೆ ಹತ್ತಿದೆ. ಟ್ಯಾಂಕಿನ ಬಾಯಿಗೆ ಯಾರೋ ಕಟ್ಟಿದ್ದ ಮಾವಿನ ತೋರಣ ಒಳಗೆ ಬಿದ್ದು ಪೈಪಿಗೆ ಸಿಕ್ಕಿಕೊಂಡಿತ್ತು. ಕೈ ಹಾಕಿ ಎಳೆದು, ಮೈಯೆಲ್ಲ ತೋಯಿಸಿಕೊಂಡು ಕೆಳಗಿಳಿಯುವ ಹೊತ್ತಿಗೆ ಗಟ್ಟಿಮೇಳ. ಗಾಜಿನಡಿಯಲ್ಲಿ ಮಾಂಗಲ್ಯಧಾರಣೆ. ಹನುಮಣ್ಣ, ಖಾಕಿ ಬಿಟ್ಟು ಬಿಳಿ ಅಂಗಿ ತೊಟ್ಟವನು, ಹೆಂಗಸರಿಗಿಂತ ಹೆಚ್ಚು ಅಳುತ್ತಿದ್ದ. ನನಗೂ ಕಣ್ಣು ತುಂಬಿ ಬಂತು. ಅಕ್ಷತೆ ಹಾಕಲು ಮುಂದೆ ನುಗ್ಗಿದೆ.

"ಅಂಕಲ್, ಸ್ವಲ್ಪ ಆ ಕಡೆ ಸರೀರಿ" ಎಂದ ಫೋಟೋದವನು. "ಕಂಬ ಮುಚ್ಚಾಕತ್ತೀರಿ."

ಸರಿದೆ. ನನ್ನ ಕಂಬಕ್ಕೆ ನಾನೇ ಅಡ್ಡವಾಗಬಾರದಲ್ಲ.

ಊಟದ ನಂತರ ಮೈಕಿನಲ್ಲಿ ಹನುಮಣ್ಣ ನಾಲ್ಕು ಮಾತಾಡಿದ. "ನನ್ನ ಮಗಳ ಮದುವಿ ಉಳಿಸಿದ ಈ ಅರಮನಿ ಒಡತಿ ಭಾಗ್ಯಮ್ಮನವರು ವೇದಿಕೆಗೆ ಬರಬೇಕು" ಎಂದ. ಪ್ರಿಯಾ ಭಾಗ್ಯಳಿಗೆ ಹಸಿರು ಸೀರೆ ಕೊಟ್ಟು ಉಡಿ ತುಂಬಿ ಕಾಲಿಗೆ ಬಿದ್ದಳು. ಜನ ಚಪ್ಪಾಳೆ ತಟ್ಟಿದರು. ಭಾಗ್ಯಮ್ಮನವರ ಗಂಡನೂ ತಟ್ಟಿದ, ತೋಯ್ದ ಧೋತರದಲ್ಲಿ, ಕೊನೆಯ ಸಾಲಿನಲ್ಲಿ ನಿಂತು. ಅವಳು ಅಲ್ಲಿಂದಲೇ ನನ್ನನ್ನು ಹುಡುಕಿ ನೋಡಿ ನಕ್ಕಳು. ಆ ನಗುವಿಗೆ ನಾನು ಇನ್ನೂ ಎಂಟು ಕಂಬ ನಿಲ್ಲಿಸಲು ಸಿದ್ಧನಿದ್ದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಂಡಕ್ಟರ್ ಬಾಯಿಗೆ ಬಿದ್ದ ಸುದ್ದಿ ಎಲ್ಲಿಯವರೆಗೆ ಹೋಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬಸ್ಸು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ. ಮುಂದಿನ ವಾರವೇ ಹಿರೇಹಡಗಲಿಯಿಂದ ಒಂದು ಕುಟುಂಬ ಬಂತು. ತಂದೆಯಿಲ್ಲದ ಹುಡುಗಿಯ ಮದುವೆ. ಭಾಗ್ಯ ಇಲ್ಲ ಎನ್ನಲಿಲ್ಲ. ಬಾಡಿಗೆ ಬೇಡ, ಕಟ್ಟೆಯ ಮೇಲೊಂದು ಮಾಡು ಮಾಡಿಸಿ ಕೊಡಿ ಎಂದಳು. ಆಮೇಲೆ ಹಗರಿಬೊಮ್ಮನಹಳ್ಳಿಯವರು ಗೋಡೆ ಎಬ್ಬಿಸಿದರು. ಮೈಲಾರದ ಕಡೆಯವರು ಮೂಡಲಿಗೆ ಕಿಟಕಿ ಕೂರಿಸಿದರು. ಗಾದೆಪ್ಪ ಸಂಬಳವಿಲ್ಲದ ಆಸ್ಥಾನ ಶಿಲ್ಪಿಯಂತೆ ಪ್ರತಿ ಮದುವೆಗೂ ಬಂದು, ಉಂಡು, ಎರಡು ಸಾಲು ಕಲ್ಲಿಟ್ಟು ಹೋಗುತ್ತಿದ್ದ. ಹಿತ್ತಲಲ್ಲಿ ನಿಧಾನವಾಗಿ ಎದ್ದು ನಿಂತಿತು ಒಂದು ಅಡುಗೆಮನೆ. ಅಗಲವಾದ ಕಲ್ಲಿನ ಕಟ್ಟೆ, ಬೆಳಗಿನ ಬಿಸಿಲು ನೇರ ಹಿಟ್ಟು ನಾದುವ ಪರಾತದ ಮೇಲೆ ಬೀಳುವ ಕಿಟಕಿ, ಹೊಗೆ ಸಲೀಸಾಗಿ ಏರಿ ಹೋಗುವ ಎತ್ತರದ ಮಾಡು. ನಾಲ್ಕು ಹೆಂಗಸರು ಕೈ ಬೀಸಿ ರೊಟ್ಟಿ ಬಡಿದರೂ ಯಾರ ಮೊಣಕೈಯೂ ಎಲ್ಲಿಗೂ ತಾಕುವುದಿಲ್ಲ. ಸುಳ್ಳೇಕೆ ಹೇಳಲಿ, ಒಂದು ಬೆಳಿಗ್ಗೆ ಅಲ್ಲಿ ಬಾಗಿಲಲ್ಲಿ ನಿಂತಾಗ ನನ್ನ ಬಾಯಿ ಮೈಸೂರಿನಲ್ಲಿ ತೆರೆದಷ್ಟೇ ತೆರೆಯಿತು. ಬೀಗರಿಗೆ, ಗಿರಾಕಿಗಳಿಗೆ ನಾನು ಈಗ ಮೊದಲು ತೋರಿಸುವುದು ಅದನ್ನೇ, ಕಟ್ಟಿಸಿದವನು ನಾನೇ ಎಂಬಂತೆ.

ಇಷ್ಟಾದ ಮೇಲೆ ಇನ್ನೇನು, ಪೇಟೆಯ ಇಕ್ಕಟ್ಟು ಬಿಟ್ಟು ಇಲ್ಲಿಗೆ ಬಂದುಬಿಡೋಣ ಎಂದು ಅಯ್ಯನವರ ಹತ್ತಿರ ಹೋಗಿ ಗೃಹಪ್ರವೇಶಕ್ಕೆ ದಿನ ಕೇಳಿದೆ. ಅವರು ಪಂಚಾಂಗ ನೋಡಿ, ಬೆರಳು ಮಡಚಿ, ಬರುವ ಗುರುವಾರ ದಿವ್ಯವಾಗಿದೆ ಎಂದರು. ಕುಣಿಯುತ್ತಾ ಮನೆಗೆ ಬಂದೆ.

"ಗುರುವಾರ ಆಗಂಗಿಲ್ಲ" ಎಂದಳು ಭಾಗ್ಯ, ರೊಟ್ಟಿ ತಿರುವಿ ಹಾಕುತ್ತಾ. "ಕೂಡ್ಲಿಗಿಯೋರ ಮದುವಿ ಐತಿ."

"ಹಂಗಾದ್ರ ಆಮ್ಯಾಲಿನ ಸೋಮವಾರ. ಅದೂ ಚಲೋ ಐತೆಂದ್ರು."

"ಅದಕ್ಕ ಹರಪನಹಳ್ಳಿಯೋರು ಮಾತಾಡ್ಯಾರ. ಚಲೋ ದಿನ ಅಂತನ ಅವರೂ ಹಿಡಿದಾರ."

ಆಗ ನನಗೆ ಸೃಷ್ಟಿಯ ಒಂದು ಸೂಕ್ಷ್ಮ ಹೊಳೆಯಿತು. ಗೃಹಪ್ರವೇಶಕ್ಕೆ ಯಾವ ದಿನ ಒಳ್ಳೆಯದೋ ಮದುವೆಗೂ ಅದೇ ದಿನ ಒಳ್ಳೆಯದು. ಮದುವೆ ಇಲ್ಲದ ದಿನ ಗೃಹಪ್ರವೇಶವೂ ಇಲ್ಲ.

"ಹಂಗಾದ್ರ ನನ್ನ ಮನಿ ನನಗ ಯಾವಾಗ ಖಾಲಿ ಸಿಗತೈತಿ?"

ಅವಳು ಮನಸ್ಸಿನಲ್ಲೇ ತಿಂಗಳುಗಳನ್ನು ಎಣಿಸಿದಳು. "ಆಷಾಢದಾಗ ಖಾಲಿ ಐತಿ."

"ಆಷಾಢದಾಗ ಯಾರಾರ ಗೃಹಪ್ರವೇಶ ಮಾಡ್ತಾರೇನು?"

ಅವ್ವ ಮೂಲೆಯಿಂದ, "ಅಪಶಕುನ ನುಡೀಬ್ಯಾಡ" ಎಂದಳು.

"ಶ್ರಾವಣದಾಗ ನೋಡ್ತೀನಿ" ಎಂದಳು ಭಾಗ್ಯ. "ಯಾವುದಾರ ಒಂದು ಮದುವಿ ತಪ್ಪಿದ್ರ ನಿಮಗ ಹೇಳ್ತೀನಿ. ಆದ್ರ ಒಂದು ಮಾತು ಈಗ ಹೇಳೂದು ಚಲೋ. ಎಲ್ಲರಿಗೂ ಇದ್ದಿದ್ದ ನಿಮಗೂ. ಕಾರ್ಯ ಮುಗಿದ ಮ್ಯಾಲೆ ಎಂಟೂ ಕಂಬ ತೊಳದು ಒರಿಸಿ ಕೊಟ್ಟು ಹೋಗಬೇಕು."